ಇಮೇಲ್ ಎಂಬ ಬೇರಿಂಗ್ ಕಾಗದ

ಇನ್‌ಬಾಕ್ಸ್ ತುಂಬಿ ಹೋಗಿದೆ, ಬೇಕಾದ ಮೇಲ್ ಸಿಗುತ್ತಿಲ್ಲ ಎಂದು ಮೊದಲು ಗೊಣಗಿದವರು ನಾವು ನೀವಲ್ಲ. ಆ ಗೊಣಗಾಟಕ್ಕೆ ಐವತ್ತು ವರ್ಷ ದಾಟಿದೆ. ಗೊಣಗಿದವರು ಅಮೆರಿಕದ ರಕ್ಷಣಾ ಇಲಾಖೆಯ ಒಬ್ಬ ದೊಡ್ಡ ಅಧಿಕಾರಿ, ಹೆಸರು ಸ್ಟೀಫನ್ ಲುಕಾಸಿಕ್. ಇವತ್ತು ನಮ್ಮ ಫೋನಿನಲ್ಲಿ ಮೇಲ್‌ಗಳು ಒಂದರ ಕೆಳಗೊಂದು ಪಟ್ಟಿಯಾಗಿ ಕಾಣುತ್ತವಲ್ಲ, ಬೇಕಾದ್ದನ್ನು ಮುಟ್ಟಿ ತೆರೆಯುತ್ತೇವಲ್ಲ, ಅದರ ಬೇರು ಅವರ ದೂರಿನವರೆಗೂ ಹೋಗುತ್ತದೆ.

ಆಗ ಇಂಟರ್‌ನೆಟ್ ಇರಲಿಲ್ಲ. ಅದರ ಅಜ್ಜ ಎನ್ನಬಹುದಾದ ಆರ್ಪಾನೆಟ್ ಇತ್ತು. ರಕ್ಷಣಾ ಇಲಾಖೆಯ ಕೆಳಗಿದ್ದ ಆರ್ಪಾ ಎಂಬ ಸಂಸ್ಥೆ ದುಡ್ಡು ಹಾಕಿ, ವಿಶ್ವವಿದ್ಯಾಲಯ ಮತ್ತು ಪ್ರಯೋಗಾಲಯಗಳ ಕೆಲವೇ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿತ್ತು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಈ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಗದ ಕಳಿಸುವ ದಾರಿ ಮಾಡಿದರು. ಹೆಸರಿಗೂ ಯಂತ್ರಕ್ಕೂ ನಡುವೆ ‘ಅಟ್’ ಗುರುತು ಹಾಕಿದವರೂ ಅವರೇ. ಮೊದಲ ಮೇಲ್ ಹೋಗಿದ್ದು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಯಂತ್ರಗಳ ನಡುವೆ. ಅದರಲ್ಲಿ ಏನು ಬರೆದಿದ್ದೆ ಎಂಬುದು ಟಾಮ್ಲಿನ್ಸನ್‌ಗೆ ಆಮೇಲೆ ನೆನಪೇ ಇರಲಿಲ್ಲ. ಜಾಲದಲ್ಲಿ ಹೋದ ಮೊದಲ ಮೇಲ್ ಅನ್ನೇ ಯಾರೂ ಎತ್ತಿಡಲಿಲ್ಲ ನೋಡಿ.

ಕಳಿಸುವುದು ಸುಲಭವಾಯಿತು. ಓದುವುದು ಮಾತ್ರ ಹಿಂಸೆ. ಒಬ್ಬೊಬ್ಬರ ಮೇಲ್ ಪೆಟ್ಟಿಗೆ ಎಂದರೆ ಒಂದೇ ಒಂದು ಉದ್ದನೆಯ ಫೈಲ್. ಹೊಸ ಕಾಗದ ಬಂದರೆ ಹಳೆಯದರ ಬಾಲಕ್ಕೆ ಅಂಟಿಕೊಳ್ಳುತ್ತಿತ್ತು. ಅಂಚೆಯವರು ಒಂದು ತಿಂಗಳ ಕಾಗದಗಳನ್ನೆಲ್ಲ ಗೋಂದು ಹಚ್ಚಿ ಜೋಡಿಸಿ, ಸುರುಳಿ ಸುತ್ತಿ ಕೈಗೆ ಕೊಟ್ಟರೆ ಹೇಗಿರುತ್ತದೆ? ಹಾಗೆ. ಕೊನೆಯ ಕಾಗದ ಬೇಕೆಂದರೂ ಮೊದಲಿನಿಂದ ಬಿಚ್ಚಬೇಕು. ಎಷ್ಟೋ ಕಡೆ ಪರದೆಯೂ ಇರಲಿಲ್ಲ, ಟೈಪ್‌ರೈಟರ್‌ನಂಥ ಯಂತ್ರ ಎಲ್ಲವನ್ನೂ ಕಾಗದದ ಮೇಲೆ ಕಟಕಟ ಹೊಡೆದು ಮುಗಿಸುವವರೆಗೆ ಕಾಯಬೇಕಿತ್ತು.

ಲುಕಾಸಿಕ್ ಆರ್ಪಾದ ನಿರ್ದೇಶಕರು, ಭೌತಶಾಸ್ತ್ರ ಓದಿದವರು. ಮೇಲ್ ಎಂದರೆ ಅವರಿಗೆ ಬಲು ಇಷ್ಟ. ಸಾಹೇಬರೇ ಮೇಲ್ ನೋಡುತ್ತಾರೆ ಎಂದ ಮೇಲೆ ಕೆಳಗಿನವರು ಬಿಡುತ್ತಾರೆಯೇ? ಅನುದಾನ ಬೇಕಾದವರೆಲ್ಲ ಮೇಲ್ ಮಾಡತೊಡಗಿದರು. ಪೆಟ್ಟಿಗೆ ತುಂಬಿತು. ಇದನ್ನೆಲ್ಲ ಹೇಗೆ ನಿಭಾಯಿಸುವುದು ಮಾರಾಯಾ ಎಂದು ಅವರು ತಮ್ಮ ಕೈಕೆಳಗಿನ ಲ್ಯಾರಿ ರಾಬರ್ಟ್ಸ್ ಬಳಿ ಹೇಳಿಕೊಂಡರು. ರಾಬರ್ಟ್ಸ್ ಸಾಮಾನ್ಯರಲ್ಲ, ಆ ಜಾಲದ ನಕ್ಷೆ ಹಾಕಿದವರೇ ಅವರು. 1972ರಲ್ಲಿ ಕೂತು ‘ಆರ್‌ಡಿ’ ಎಂಬ ಸಣ್ಣ ಪ್ರೋಗ್ರಾಂ ಬರೆದರು. ಬಂದ ಮೇಲ್‌ಗಳ ಪಟ್ಟಿ ತೋರಿಸುವುದು, ಬೇಕಾದ್ದನ್ನು ಮಾತ್ರ ಓದುವುದು, ಬೇರೆ ಫೈಲಿಗೆ ಎತ್ತಿಡುವುದು, ಇನ್ನೊಬ್ಬರಿಗೆ ದಾಟಿಸುವುದು, ಉತ್ತರ ಬರೆಯುವುದು: ಇಷ್ಟನ್ನು ಅದು ಮಾಡುತ್ತಿತ್ತು. ನಂತರ 1975ರಲ್ಲಿ ಜಾನ್ ವಿಟ್ಟಲ್ ಎಂಬಾತ ‘ಎಂಎಸ್‌ಜಿ’ ಎಂಬುದನ್ನು ಬರೆದರು (ವಿಠ್ಠಲ ಅಲ್ಲ, ಅವರು ಅಮೆರಿಕದವರೇ). ಅದರಲ್ಲಿ ಉತ್ತರಿಸು ಎಂದರೆ ಸಾಕು, ಕಳಿಸಿದವರ ವಿಳಾಸ ತಾನೇ ಬಂದು ಕೂರುತ್ತಿತ್ತು. ಅಲ್ಲಿಗೆ ಮೇಲ್ ಒಂದು ಚಟವಾಯಿತು ಎನ್ನಬಹುದು. 1973ರ ಹೊತ್ತಿಗೇ ಆ ಜಾಲದಲ್ಲಿ ಓಡಾಡುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಬರೀ ಮೇಲ್ ಎಂದು ಆರ್ಪಾ ಮಾಡಿಸಿದ ಅಧ್ಯಯನ ಹೇಳಿತ್ತು. ದೊಡ್ಡ ದೊಡ್ಡ ಲೆಕ್ಕ ಮಾಡಲೆಂದು ಕಟ್ಟಿದ ಜಾಲದಲ್ಲಿ ಜನ ಕಾಗದ ಬರೆದುಕೊಂಡು ಕೂತಿದ್ದರು.

ಇಲ್ಲಿ ಸ್ವಲ್ಪ ಹಿಂದಕ್ಕೆ, ನಿಜವಾದ ಅಂಚೆಗೆ ಹೋಗೋಣ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಬೇರಿಂಗ್ ಕಾಗದ ಎಂದರೇನು ಎಂದು ಕೇಳಿ. ಸ್ಟಾಂಪ್ ಹಚ್ಚದೆ, ಇಲ್ಲವೇ ಕಡಿಮೆ ಹಚ್ಚಿ ಡಬ್ಬಿಗೆ ಹಾಕಿದ ಕಾಗದವದು. ಅಂಚೆಯಣ್ಣ ಬಾಗಿಲಿಗೆ ತಂದು, ಕಡಿಮೆ ಬಿದ್ದಿದ್ದರ ದುಪ್ಪಟ್ಟು ಕೇಳುತ್ತಿದ್ದ. ಕಳಿಸಿದವರಿಗೆ ಖರ್ಚಿಲ್ಲ, ಪಡೆದವರಿಗೆ ದಂಡ. ಬೇರಿಂಗ್ ಹಾಕಿದರೆ ಕಾಗದ ಕಳೆದುಹೋಗುವುದಿಲ್ಲ, ದುಡ್ಡಿಗಾಗಿಯಾದರೂ ಮುಟ್ಟಿಸುತ್ತಾರೆ ಎಂದು ಹಿರಿಯರು ನಗಾಡುವುದನ್ನು ಕೇಳಿದ್ದೇನೆ. ಇಂಗ್ಲೆಂಡಿನಲ್ಲಿ 1840ರವರೆಗೆ ಹೆಚ್ಚಿನ ಕಾಗದಗಳು ಒಂದು ರೀತಿಯಲ್ಲಿ ಬೇರಿಂಗೇ. ದೂರ ನೋಡಿ ಪಡೆಯುವವರೇ ದುಡ್ಡು ಕೊಡಬೇಕಿತ್ತು. ರೋಲೆಂಡ್ ಹಿಲ್ ಎಂಬಾತ ಹಟ ಹಿಡಿದು ಕಳಿಸುವವರೇ ಮೊದಲು ಒಂದು ಪೆನ್ನಿ ಕೊಡಲಿ ಎಂಬ ಪದ್ಧತಿ ತಂದರು, ಅಂಚೆ ಚೀಟಿ ಹುಟ್ಟಿತು. ನಮ್ಮಲ್ಲಿ ದೇಶವಿಡೀ ನಡೆಯುವ ಅಂಚೆ ಚೀಟಿ ಬಂದದ್ದು 1854ರಲ್ಲಿ.

ಸ್ಟಾಂಪ್ ಮಾಡಿದ ದೊಡ್ಡ ಕೆಲಸವೆಂದರೆ, ಬರೆಯುವವನು ಬರೆಯುವ ಮುಂಚೆ ಒಂದು ಸಲ ಜೇಬು ಮುಟ್ಟಿ ನೋಡಿಕೊಳ್ಳುವಂತೆ ಮಾಡಿದ್ದು. ಇಮೇಲ್ ಅದನ್ನು ತೆಗೆದುಹಾಕಿತು. ಒಬ್ಬರಿಗೆ ಕಳಿಸಿದರೂ ಲಕ್ಷ ಜನಕ್ಕೆ ಕಳಿಸಿದರೂ ಕಳಿಸುವವನಿಗೆ ಹೆಚ್ಚು ಕಡಿಮೆ ಒಂದೇ ಖರ್ಚು. ತೆರೆದು, ಓದಿ, ಬೇಡವೆಂದು ಎಸೆಯುವ ಕೆಲಸವೆಲ್ಲ ಪಡೆದವರ ತಲೆಗೆ. ಅಂದರೆ ಇಮೇಲ್ ಮತ್ತೆ ಬೇರಿಂಗ್ ಕಾಗದವೇ. ಒಂದೇ ವ್ಯತ್ಯಾಸ, ಬೇರಿಂಗ್ ಕಾಗದವನ್ನು ‘ಬೇಡ, ತಗೊಂಡು ಹೋಗಪ್ಪ’ ಎನ್ನಬಹುದಿತ್ತು. ಇದನ್ನು ಬೇಡ ಎನ್ನುವ ಬಾಗಿಲೇ ಇರಲಿಲ್ಲ.

ಇದನ್ನು ಬಹಳ ಬೇಗ ಕಂಡುಕೊಂಡವರು ಜಾನ್ ಪೋಸ್ಟೆಲ್. ಜಾಲದ ನಿಯಮಗಳನ್ನು ಬರೆದಿಡುತ್ತಿದ್ದ ಉದ್ದ ಗಡ್ಡದ ವಿಜ್ಞಾನಿ. 1975ರ ನವೆಂಬರ್‌ನಲ್ಲಿ ಕಸದ ಮೇಲ್ ಬಗ್ಗೆಯೇ ಒಂದು ಪುಟದ ಟಿಪ್ಪಣಿ ಬರೆದರು. ಅದರ ಸಾರಾಂಶ ಇಷ್ಟು: ಈ ಜಾಲದಲ್ಲಿ ಒಂದು ಕಂಪ್ಯೂಟರ್‌ಗೆ ಇಂಥವರಿಂದ ಬರುವುದು ಬೇಡ ಎಂದು ಆರಿಸಿ ತಡೆಯುವ ಉಪಾಯವಿಲ್ಲ, ಬೇಕಾದ್ದು ಸಿಗಬೇಕಾದರೆ ಬಂದದ್ದನ್ನೆಲ್ಲ ತೆಗೆದುಕೊಳ್ಳಲೇಬೇಕು, ಕೆಟ್ಟುಹೋದ ಯಂತ್ರವೋ ಕಿರಿಕಿರಿ ಮಾಡುವವನೋ ಸುಮ್ಮನೆ ಕಳಿಸುತ್ತಿದ್ದರೆ ಕೆಲಸವೇ ನಿಂತೀತು, ತಡೆಯುವ ಒಂದು ದಾರಿ ಬೇಕು. ಆಗಿನ್ನೂ ಕಸ ಎನ್ನುವಷ್ಟು ಕಸವೇ ಬಂದಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಚರಂಡಿ ತೆಗೆಸಿ ಎಂದು ಹೇಳಿದವರ ಮಾತು ಯಾವ ಊರಿನಲ್ಲಿ ನಡೆದಿದೆ ಹೇಳಿ.

ಮಳೆ ಬಂತು. 1978ರ ಮೇ 3. ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥುರ್ಕ್ ಹೊಸ ಯಂತ್ರದ ಪ್ರದರ್ಶನಕ್ಕೆ ಬನ್ನಿ ಎಂದು ಜಾಲದಲ್ಲಿದ್ದ ಸುಮಾರು 400 ಜನಕ್ಕೆ ಒಂದೇ ಮೇಲ್ ಕಳಿಸಿದರು. ವಿಳಾಸಗಳು ಎಷ್ಟಾದವೆಂದರೆ, ವಿಳಾಸದ ಜಾಗ ತುಂಬಿ ಉಳಿದವು ಕಾಗದದ ಒಳಗೇ ಉಕ್ಕಿ ಹರಿದಿದ್ದವು. ಇದು ಸರ್ಕಾರಿ ಕೆಲಸಕ್ಕಿರುವ ಜಾಲ ಎಂದು ಸೇನೆಯ ಕಡೆಯವರು ಗದರಿದರು. ಆದರೆ ಆ ಒಂದು ಮೇಲ್‌ನಿಂದ ಒಂದು ಕೋಟಿ ಡಾಲರಿಗೂ ಮೀರಿದ ವ್ಯಾಪಾರ ಕುದುರಿತು ಎಂದು ಥುರ್ಕ್ ಮುಂದೆ ಹೇಳಿಕೊಂಡರು. ಬೈಗುಳ ಪುಕ್ಕಟೆ, ವ್ಯಾಪಾರ ಕೋಟಿ. ಮುಂದೇನಾಗುತ್ತದೆ ಎಂದು ಊಹಿಸಲು ಜ್ಯೋತಿಷಿ ಬೇಕಿಲ್ಲ.

ಅದಕ್ಕೂ ಮುಂಚೆ, 1971ರಲ್ಲಿ, ಎಂಐಟಿ ವಿಶ್ವವಿದ್ಯಾಲಯದ ಒಂದು ಕಂಪ್ಯೂಟರಿನಲ್ಲಿ ನಡೆದದ್ದು ನನಗೆ ಹೆಚ್ಚು ಇಷ್ಟ. ಎಲ್ಲ ಬಳಕೆದಾರರಿಗೂ ಒಟ್ಟಿಗೆ ಸಂದೇಶ ಕಳಿಸುವ ಅಧಿಕಾರ ಅಲ್ಲಿ ಕೆಲವೇ ಸಿಬ್ಬಂದಿಗಿತ್ತು, ಯಂತ್ರ ರಿಪೇರಿ ಇದೆ ಎಂದೋ ಏನೋ ತಿಳಿಸಲು. ಅವರಲ್ಲೊಬ್ಬ ಅದನ್ನು ಬಳಸಿ ಯುದ್ಧ ಬೇಡ, ಶಾಂತಿ ಬೇಕು ಎಂಬ ಸಂದೇಶ ಕಳಿಸಿದ. ಆಗ ವಿಯೆಟ್ನಾಂ ಯುದ್ಧದ ಕಾಲ. ಹೀಗೆಲ್ಲ ಕಳಿಸಬಾರದು, ಜನಕ್ಕೆ ಬೇಡವಾಗಿರಬಹುದು ಎಂದು ಹಿರಿಯ ಸಹೋದ್ಯೋಗಿ ಹೇಳಿದರೆ, ಆತನ ಉತ್ತರ: ಆದರೆ ಇದು ಮುಖ್ಯವಾದ ವಿಷಯ! ನನ್ನಂಥ ಜಿಲ್ಲಾ ಸ್ಟ್ರಿಂಗರ್ ಇನ್‌ಬಾಕ್ಸಿಗೆ ದಿನಾ ಸಂಜೆ ಬೀಳುವ ಸನ್ಮಾನ ಸಮಾರಂಭದ ಪ್ರಕಟಣೆಗಳೂ ಹಾಗೇ. ಕಳಿಸಿದವರಿಗೆ ಅದಕ್ಕಿಂತ ಮುಖ್ಯವಾದ ಸುದ್ದಿ ಜಿಲ್ಲೆಯಲ್ಲಿ ಇರುವುದಿಲ್ಲ, ಹಾಗಾಗಿ ಅದೇ ಫೋಟೋ ಮೂರು ಸಲ ಬರುತ್ತದೆ.

1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳ ಸಂಘದ ಅಧ್ಯಕ್ಷ ಪೀಟರ್ ಡೆನ್ನಿಂಗ್ ಸಂಘದ ಪತ್ರಿಕೆಯಲ್ಲಿ ‘ಎಲೆಕ್ಟ್ರಾನಿಕ್ ಕಸ’ದ ಬಗ್ಗೆಯೇ ಅಧ್ಯಕ್ಷರ ಪತ್ರ ಬರೆದರು. ನಾವೆಲ್ಲ ಕಳಿಸುವವರಿಗೆ ಅನುಕೂಲ ಮಾಡುತ್ತಾ ಕೂತಿದ್ದೇವೆ, ಪಡೆಯುವವರ ಕಷ್ಟ ಯಾರು ನೋಡುತ್ತಾರೆ ಎಂಬುದು ಅವರ ಪ್ರಶ್ನೆ. ವಿಷಯ ನೋಡಿ ಸೋಸುವ ಜರಡಿ ಬೇಕೆಂದೂ ಅವರು ಆಗಲೇ ಹೇಳಿದ್ದರು. ‘ಸ್ಪ್ಯಾಮ್’ ಎಂಬ ಹೆಸರು ಬಳಕೆಗೆ ಬಂದದ್ದು ಆಮೇಲೆ. ಮೂಲದಲ್ಲಿ ಅದು ಡಬ್ಬಿಯಲ್ಲಿ ಬರುವ ಮಾಂಸದ ಬ್ರ್ಯಾಂಡಿನ ಹೆಸರು. ಹೋಟೆಲಿನಲ್ಲಿ ಏನು ಕೇಳಿದರೂ ಅದನ್ನೇ ಹಾಕಿಕೊಡುವ ಒಂದು ಇಂಗ್ಲಿಷ್ ಟಿವಿ ತಮಾಷೆಯಿಂದ ಈ ಅರ್ಥ ಬಂತು.

ನಮ್ಮ ಕಡೆಗೆ ಮೇಲ್ ಬಂದದ್ದು ಬಹುಮಟ್ಟಿಗೆ ಹಾಟ್‌ಮೇಲ್ ರೂಪದಲ್ಲಿ. ಇದರಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಹುಟ್ಟಿದ್ದು ಚಂಡೀಗಢದಲ್ಲಾದರೂ ಬೆಳೆದದ್ದು ಬೆಂಗಳೂರಿನಲ್ಲಿ, ಸೇಂಟ್ ಜೋಸೆಫ್ಸ್‌ನಲ್ಲಿ ಓದಿದವರು. ಅವರೂ ಜ್ಯಾಕ್ ಸ್ಮಿತ್ ಎಂಬ ಗೆಳೆಯರೂ ಸೇರಿ 1996ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದು, ಹಾಟ್‌ಮೇಲ್ ಶುರು ಮಾಡಿದರು. ಸ್ವಂತ ಕಂಪ್ಯೂಟರ್ ಬೇಡ, ಕಂಪನಿ ನೌಕರಿ ಬೇಡ, ಯಾವ ಊರಿನ ಯಾವ ಅಂಗಡಿಯ ಕಂಪ್ಯೂಟರಿನಲ್ಲಾದರೂ ಕೂತು ನಿಮ್ಮ ಪೆಟ್ಟಿಗೆ ತೆರೆಯಬಹುದು. ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಸುಮಾರು 40 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು. ಸೈಬರ್ ಕೆಫೆಯ ಮರದ ಗೂಡಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತವರಿಗೆಲ್ಲ ಆ ನೀಲಿ ಪುಟ ನೆನಪಿರುತ್ತದೆ.

ಆಗ ಸಿಗುತ್ತಿದ್ದ ಜಾಗ 2 ಎಂಬಿ. ಇವತ್ತಿನ ಫೋನು ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಸರಿಯಾಗಿ ಹಿಡಿಸುವುದಿಲ್ಲ. ಹಾಗಾಗಿ ಆ ಕಾಲದವರ ಇನ್‌ಬಾಕ್ಸ್ ಚೊಕ್ಕಟವಾಗಿರುತ್ತಿತ್ತು. ಶಿಸ್ತಿನಿಂದಲ್ಲ, ಬಡತನದಿಂದ. ಅಳಿಸದಿದ್ದರೆ ಮುಂದಿನ ಮೇಲ್ ಒಳಗೆ ಬರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಕಸ ಮಿತಿಮೀರಿತು. ಔಷಧಿ ಮಾರುವವರು, ಸಾಲ ಕೊಡುವವರು, ಪರದೇಶದ ರಾಜಕುಮಾರನ ಆಸ್ತಿ ನಿಮ್ಮ ಹೆಸರಿಗೆ ಎನ್ನುವವರು. ಇಂಥ ಪದ ಬಂದರೆ ತಡೆ ಎಂದು ನಿಯಮ ಬರೆದರೆ, ಅವರು ಆ ಪದದ ನಡುವೆ ಒಂದು ಚುಕ್ಕೆ ಇಟ್ಟು ಕಳಿಸುತ್ತಿದ್ದರು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಬೇರೆ ದಾರಿ ಹಿಡಿದು ಒಂದು ಲೇಖನ ಬರೆದರು. ಯಾವ ಪದ ಕೆಟ್ಟದ್ದೆಂದು ನಾವು ಹೇಳುವುದೇ ಬೇಡ. ಒಂದು ಕಡೆ ಕಸದ ಮೇಲ್ ರಾಶಿ, ಇನ್ನೊಂದು ಕಡೆ ಒಳ್ಳೆಯ ಮೇಲ್ ರಾಶಿ ಹಾಕಿ, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬಂದಿದೆ ಎಂದು ಯಂತ್ರವೇ ಎಣಿಸಲಿ. ಹೊಸ ಮೇಲ್ ಬಂದಾಗ ಅದರ ಪದಗಳನ್ನು ನೋಡಿ ಇದು ಕಸವಾಗಿರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಲಿ. ಲೆಕ್ಕದ ಸೂತ್ರ ಹದಿನೆಂಟನೇ ಶತಮಾನದ ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯದು. ಗ್ರಹಾಂ ತಮ್ಮದೇ ಪೆಟ್ಟಿಗೆಯ ಮೇಲೆ ಪ್ರಯೋಗಿಸಿದಾಗ 1000 ಕಸದಲ್ಲಿ ಒಳಗೆ ನುಸುಳಿದ್ದು 5ಕ್ಕಿಂತ ಕಡಿಮೆ, ಒಳ್ಳೆಯ ಮೇಲ್ ಒಂದೂ ಕಸಕ್ಕೆ ಹೋಗಲಿಲ್ಲ. ಈ ಬಗೆಯ ಲೆಕ್ಕ ಅದಕ್ಕೂ ಮುಂಚೆ ಬೇರೆಯವರು ಮಾಡಿದ್ದರು, ಆದರೆ ಎಲ್ಲರ ಕಿವಿಗೆ ಬಿದ್ದದ್ದು ಈ ಲೇಖನದಿಂದ. ನೀವು ‘ರಿಪೋರ್ಟ್ ಸ್ಪ್ಯಾಮ್’ ಒತ್ತಿದಾಗ ಆಗುವುದು ಇದೇ: ಆ ಮೇಲ್ ಕಸದ ರಾಶಿಯ ಲೆಕ್ಕಕ್ಕೆ ಸೇರಿ ಯಂತ್ರಕ್ಕೆ ಪಾಠವಾಗುತ್ತದೆ. ಸುಮ್ಮನೆ ಡಿಲೀಟ್ ಮಾಡಿದರೆ ಆ ಪಾಠ ಸಿಗುವುದಿಲ್ಲ.

2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಜಾಗ ಪುಕ್ಕಟೆ ಕೊಡುತ್ತೇವೆ ಎಂದು ಜಿಮೇಲ್ ತಂದಾಗ, ತಾರೀಖು ನೋಡಿ ಬಹಳ ಜನ ಏಪ್ರಿಲ್ ಫೂಲ್ ಎಂದೇ ನಕ್ಕರು. ಹಾಟ್‌ಮೇಲ್ ಕೊಡುತ್ತಿದ್ದುದರ 500 ಪಟ್ಟು! ಅದನ್ನು ಬರೆದ ಪಾಲ್ ಬುಖೈಟ್ ಲೆಕ್ಕಾಚಾರ ಸರಳವಾಗಿತ್ತು: ಅಳಿಸುವುದೇಕೆ, ಎಲ್ಲ ಇಟ್ಟುಕೊಳ್ಳಿ, ಬೇಕಾದಾಗ ಹುಡುಕಿ. ಶುರುವಿನಲ್ಲಿ ಡಿಲೀಟ್ ಎಂಬುದನ್ನು ಎದುರಿಗೇ ಇಡದೆ ಮರೆಯಲ್ಲಿಟ್ಟಿದ್ದರು. ಮರುವರ್ಷದಿಂದ ಮೊದಲ ಪುಟದಲ್ಲಿ ಜಾಗದ ಅಂಕಿ ನಾವು ನೋಡುತ್ತಿದ್ದಂತೆಯೇ ಏರುತ್ತಿತ್ತು, ಪೆಟ್ರೋಲ್ ಬಂಕಿನ ಮೀಟರಿನ ಹಾಗೆ. ಗುಡಿಸುವ ಅಭ್ಯಾಸ ಅಲ್ಲಿಗೆ ತಪ್ಪಿತು. ಇವತ್ತು ಫೋನಿನಲ್ಲಿ ಓದದ ಮೇಲ್ 9,000 ಇದ್ದರೂ ಯಾರಿಗೂ ನಾಚಿಕೆಯಿಲ್ಲ, ಅದಕ್ಕೆ ಕಾರಣ ಆ ಅಂಕಿ.

ಅದೇ ವರ್ಷ ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ತಾವು ಇಮೇಲ್ ದಿವಾಳಿ ಎಂದು ಘೋಷಿಸಿದರು. ಬಾಕಿ ಉಳಿದ ಮೇಲ್‌ಗಳಿಗೆ ಉತ್ತರ ಕೊಡಲು ಈ ಜನ್ಮದಲ್ಲಿ ಆಗುವುದಿಲ್ಲ, ಕ್ಷಮಿಸಿ ಎಂದು ಎಲ್ಲರಿಗೂ ತಿಳಿಸಿಬಿಟ್ಟರು. ತಿಳಿಸಿದ್ದೂ ಮೇಲ್ ಮೂಲಕವೇ.

ಇನ್ನೊಂದು ತುದಿಯಲ್ಲಿ ಮರ್ಲಿನ್ ಮ್ಯಾನ್. ‘ಇನ್‌ಬಾಕ್ಸ್ ಝೀರೋ’ ಎಂಬ ಮಾತು ಇವರದು, 2006ರಲ್ಲಿ ಬರೆದ ಲೇಖನಮಾಲೆಯಿಂದ ಬಂದದ್ದು. ಮರುವರ್ಷ ಗೂಗಲ್ ಕಚೇರಿಯಲ್ಲೇ ಈ ಬಗ್ಗೆ ಭಾಷಣ ಮಾಡಿದರು. ಪ್ರತಿ ಮೇಲ್‌ಗೂ ಏನಾದರೊಂದು ಗತಿ ಕಾಣಿಸಿ: ಅಳಿಸಿ, ಇನ್ನೊಬ್ಬರಿಗೆ ವಹಿಸಿ, ಉತ್ತರಿಸಿ, ಮುಂದಕ್ಕಿಡಿ, ಇಲ್ಲವೇ ಕೆಲಸ ಮಾಡಿ ಮುಗಿಸಿ. ತಾವು ಸೊನ್ನೆ ಎಂದದ್ದು ಮೇಲ್‌ಗಳ ಎಣಿಕೆಗಲ್ಲ, ಇನ್‌ಬಾಕ್ಸಿನಲ್ಲೇ ಸಿಕ್ಕಿಹಾಕಿಕೊಳ್ಳುವ ಮನಸ್ಸಿಗೆ ಎಂದು ಅವರು ಬಾಯಿ ನೋಯುವಷ್ಟು ಹೇಳಿದರು. ಜನ ಕೇಳಲಿಲ್ಲ, ಸೊನ್ನೆ ಎಣಿಸುತ್ತಾ ಕೂತರು. ಈ ವಿಷಯದ ಮೇಲೆ ಪುಸ್ತಕ ಬರೆಯಲು ಒಪ್ಪಂದವಾಗಿತ್ತು. 2011ರಲ್ಲಿ ಅವರು ಅದನ್ನು ಕೈಬಿಟ್ಟರು. ಆಗ ಬರೆದ ಲೇಖನ ಮಗಳ ಜೊತೆ ಕಳೆಯಬೇಕಾದ ಹೊತ್ತು ಈ ಪುಸ್ತಕಕ್ಕೆ ಹೋಗುತ್ತಿರುವುದರ ಬಗ್ಗೆ ಇತ್ತು. ಇಡೀ ಚರಿತ್ರೆಯಲ್ಲಿ ನನಗೆ ಗೌರವ ಬಂದದ್ದು ಇವರ ಮೇಲೆ, ಅವರ ಐದು ಸೂತ್ರಕ್ಕಲ್ಲ, ಆ ಕೈಬಿಟ್ಟದ್ದಕ್ಕೆ.

ಜನ ನಿಜವಾಗಿ ಏನು ಮಾಡುತ್ತಾರೆ ಎಂದು 1996ರಲ್ಲೇ ಸ್ಟೀವ್ ವಿಟೇಕರ್, ಕ್ಯಾಂಡೇಸ್ ಸಿಡ್ನರ್ ಎಂಬಿಬ್ಬರು 20 ನೌಕರರನ್ನು ಮಾತಾಡಿಸಿ ನೋಡಿದ್ದರು. ಮೂರು ಜಾತಿ ಸಿಕ್ಕಿತು. ದಿನಾ ಫೋಲ್ಡರ್ ಮಾಡಿ ಜೋಡಿಸುವವರು. ಏನೂ ಮಾಡದೆ ಎಲ್ಲವನ್ನೂ ಒಂದೇ ಕಡೆ ಬಿಡುವವರು. ಯುಗಾದಿಗೆ ಸುಣ್ಣ ಹೊಡೆದಂತೆ ಯಾವಾಗಲೋ ಒಮ್ಮೆ ಎಲ್ಲ ಎತ್ತಿ ಗುಡಿಸುವವರು. ನಮ್ಮ ಮನೆಗಳಲ್ಲಿ ಪಹಣಿ, ಕರೆಂಟ್ ಬಿಲ್, ಸೊಸೈಟಿ ರಸೀದಿ ಇಡುವುದರಲ್ಲೂ ಇದೇ ಮೂರು ಜಾತಿ ಕಾಣುತ್ತವೆ. 2011ರಲ್ಲಿ ಅದೇ ವಿಟೇಕರ್ ಐಬಿಎಂನವರ ಜೊತೆ ಸೇರಿ 345 ಜನ ಹಳೆಯ ಮೇಲ್ ಹುಡುಕುವುದನ್ನು ಅಳೆದರು. ಫೋಲ್ಡರ್ ಮಾಡಿ ಜೋಡಿಸಿಟ್ಟವರಿಗೆ ಬೇಕಾದ್ದು ಬೇಗ ಸಿಗುತ್ತಿರಲಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ಒಂದು ಪದ ಹಾಕುವುದೇ ಬೇಗ. ಅಂದರೆ ಬುಖೈಟ್ ಹೇಳಿದ್ದರಲ್ಲಿ ಹುರುಳಿತ್ತು. ಕಳಿಸಿದವರು ಯಾರು ಎಂಬುದು ನಿಮಗೆ ಗೊತ್ತಿದ್ದರೆ ಮಾತ್ರ, ಎಂದು ನಾನು ಸೇರಿಸುತ್ತೇನೆ.

ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ತೊಂದರೆ ಬೇರೆ ಕಡೆ ಇದೆ. ಇಲ್ಲಿ ಹೆಚ್ಚಿನವರಿಗೆ ತಮಗೊಂದು ಇನ್‌ಬಾಕ್ಸ್ ಇದೆ ಎಂಬುದೇ ಗೊತ್ತಿಲ್ಲ. ಹೊಸ ಫೋನು ಕೊಂಡಾಗ ಅಂಗಡಿಯ ಹುಡುಗ ಪ್ಲೇ ಸ್ಟೋರ್‌ಗಾಗಿ ಒಂದು ಜಿಮೇಲ್ ಐಡಿ ಮಾಡಿಕೊಟ್ಟಿರುತ್ತಾನೆ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಸೈಬರ್‌ನವರು ಇನ್ನೊಂದು ಮಾಡುತ್ತಾರೆ. ಪಾಸ್‌ವರ್ಡ್ ಅವರ ನೋಟ್‌ಬುಕ್‌ನಲ್ಲಿ. ನಮ್ಮ ತಾಲ್ಲೂಕಿನ ಒಬ್ಬ ಡಿಪ್ಲೊಮಾ ಹುಡುಗ ಒಂದು ಕಾರ್ಖಾನೆಯ ಅಪ್ರೆಂಟಿಸ್ ಕೆಲಸಕ್ಕೆ ಅರ್ಜಿ ಹಾಕಿದ್ದ. ದಾಖಲೆ ಪರಿಶೀಲನೆಗೆ ಬನ್ನಿ ಎಂಬ ಮೇಲ್ ಬಂದಿತ್ತು, ಸೈಬರ್‌ನವರು ಮಾಡಿದ್ದ ಐಡಿಗೆ. ಅದೇ ಐಡಿಯಲ್ಲಿ ಆ ಅಂಗಡಿಯವರು ಇನ್ನೂ ಎಷ್ಟೋ ಜನರ ಅರ್ಜಿ ತುಂಬಿದ್ದರು. ಹುಡುಗ ವಿಚಾರಿಸುವ ಹೊತ್ತಿಗೆ ತಾರೀಖು ದಾಟಿ ಒಂಬತ್ತು ದಿನ ಆಗಿತ್ತು. ‘ಫೋನೇ ಮಾಡ್ತಾರೆ ಅಂದ್ಕೊಂಡಿದ್ದೆ ಸಾರ್’ ಎಂದ. ಫೋನು ಮಾಡುವವರು ಈಗ ಕಡಿಮೆ. ಮೇಲ್ ಕಳಿಸಿದರೆ ಅವರ ಕೆಲಸ ಮುಗಿಯಿತು, ಇವನ ಕೈಗೆ ಮುಟ್ಟಿತೋ ಇಲ್ಲವೋ ನೋಡುವವರಿಲ್ಲ.

ಜಾಗದ ವಿಷಯವೂ ಮೊದಲಿನಂತಿಲ್ಲ. ಜಿಮೇಲ್‌ನ ಏರುವ ಅಂಕಿ 2013ರಲ್ಲಿ 15 ಜಿಬಿಗೆ ಬಂದು ನಿಂತುಬಿಟ್ಟಿತು, ಅದೂ ಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಹೋಗುವ ಹೊಸ ಫೋಟೋಗಳೂ ಆ ಲೆಕ್ಕಕ್ಕೆ ಬಂದವು. 2024ರಿಂದ ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಬ್ಯಾಕಪ್ ಕೂಡ. ಪರಿಣಾಮ ಏನೆಂದರೆ, ಸಂಬಂಧಿಕರು ದಿನಾ ಬೆಳಗ್ಗೆ ಕಳಿಸುವ ಹೂವಿನ ಫೋಟೋ ಮತ್ತು ಮದುವೆ ವಿಡಿಯೊಗಳಿಂದ 15 ಜಿಬಿ ತುಂಬುತ್ತದೆ, ತುಂಬಿದ ಮೇಲೆ ಬ್ಯಾಂಕಿನ ಮೇಲ್ ಒಳಗೆ ಬರುವುದಿಲ್ಲ. ಹಾಟ್‌ಮೇಲ್ ಕಾಲದ ಬಡತನ ವಾಪಸು ಬಂದಿದೆ. ಜೊತೆಗೆ, ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ತಂದಿದೆ. ಸೈಬರ್‌ನ ನೋಟ್‌ಬುಕ್‌ನಲ್ಲಿ ಮಲಗಿರುವ ಐಡಿಗಳ ಗತಿ ಏನಾಗುತ್ತದೆ ಯೋಚಿಸಿ.

ಪೋಸ್ಟೆಲ್ ಕೇಳಿದ್ದ ‘ಬೇಡ’ ಎನ್ನುವ ಬಾಗಿಲು? ಅದು ಸ್ವಲ್ಪ ತೆರೆದದ್ದು ತೀರಾ ಈಚೆಗೆ. ಜಾಹೀರಾತು ಮೇಲ್‌ಗಳ ತಲೆಯಲ್ಲಿ ‘ಅನ್‌ಸಬ್‌ಸ್ಕ್ರೈಬ್’ ವಿಳಾಸ ಇಡುವ ಪದ್ಧತಿ 1998ರಲ್ಲೇ ಬರೆದಾಗಿತ್ತು, ಆದರೆ ಪಾಲಿಸುವುದು ಕಳಿಸುವವರ ಇಷ್ಟಕ್ಕೆ ಬಿಟ್ಟಿತ್ತು. ಇಟ್ಟವರೂ ಮೇಲ್‌ನ ತಳದಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಇಡುತ್ತಿದ್ದರು. 2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ಸೇರಿ ಬಿಗಿ ಮಾಡಿದವು. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಜಿಮೇಲ್ ಖಾತೆಗಳಿಗೆ ಕಳಿಸುವವರು ತಮ್ಮ ಜಾಹೀರಾತು ಮೇಲ್‌ಗಳಿಗೆ ಒಂದೇ ಒತ್ತಿಗೆ ಹೆಸರು ತೆಗೆಸುವ ವ್ಯವಸ್ಥೆ ಇಡಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು, ಇಲ್ಲವಾದರೆ ಅವರ ಮೇಲ್ ಅನ್ನು ಒಳಗೆ ಬಿಡದೇ ಇರಬಹುದು. ಸರ್ಕಾರ ಮಾಡಿದ ಕಾನೂನಲ್ಲ ಇದು, ಎರಡು ಕಂಪನಿಗಳು ಮಾಡಿದ ನಿಯಮ. ಆದರೂ ಬೇರಿಂಗ್ ಕಾಗದದ ದಂಡ ಮೊದಲ ಬಾರಿಗೆ ಸ್ವಲ್ಪವಾದರೂ ಕಳಿಸುವವರ ಕಡೆ ಸರಿಯಿತು.

ನಿಮ್ಮ ಫೋನಿನಲ್ಲಿ ಒಂದು ಜಾಹೀರಾತು ಮೇಲ್ ತೆರೆದು, ಕಳಿಸಿದವರ ಹೆಸರಿನ ಹತ್ತಿರ ನೋಡಿ, ಆ ಪದ ಕಾಣಬಹುದು. ಅಲ್ಲಿ ಇಲ್ಲದಿದ್ದರೆ ಮೂಲೆಯ ಮೂರು ಚುಕ್ಕೆ ಒತ್ತಿ. ನೀವು ಎಂದೋ ಏನೋ ಕೊಂಡ ಅಂಗಡಿ, ಆ್ಯಪ್, ಬ್ಯಾಂಕು ಕಳಿಸುವ ಜಾಹೀರಾತಿಗೆ ಇದು ಸಾಕು. ಕಳಿಸಿದವರು ಯಾರೆಂದೇ ಗೊತ್ತಿಲ್ಲದ ಮೇಲ್‌ಗೆ ಮಾತ್ರ ಇದನ್ನು ಒತ್ತಬೇಡಿ, ಸ್ಪ್ಯಾಮ್ ಒತ್ತಿ. ಅದರ ಒಳಗಿನ ಲಿಂಕ್ ಮುಟ್ಟಿದರೆ ಈ ವಿಳಾಸದಲ್ಲಿ ಒಬ್ಬರು ಇದ್ದಾರೆ, ಓದುತ್ತಾರೆ ಎಂದು ಅವರಿಗೆ ನೀವೇ ತಿಳಿಸಿದಂತಾಗುತ್ತದೆ. ಅಪ್ರೆಂಟಿಸ್ ತಪ್ಪಿದ ಹುಡುಗ ಈಗ ತನ್ನದೇ ಹೆಸರಿನ ಐಡಿ ಮಾಡಿಕೊಂಡಿದ್ದಾನೆ. ಪಾಸ್‌ವರ್ಡನ್ನು ಮನೆಯ ಪಹಣಿ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ಬರೆದು ಇಟ್ಟಿದ್ದಾನಂತೆ.